ಹಲ್ಲಿಗಿರುವ ಬೆಲೆ ಗರ್ಭಕೋಶಕ್ಕಿಲ್ಲವೆ?



ಜಗಳದಲ್ಲಿ ಒಬ್ಬನು ಇನ್ನೊಬ್ಬನ ಹಲ್ಲನ್ನು ಮುರಿದರೆ ನಮ್ಮ ದೇಶದ ಕಾನೂನು ಅದನ್ನು ‘ತೀವ್ರ ಗಾಯ’ ಎಂದು ಕರೆಯುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 320ನೆಯ ಕಲಮಿನಲ್ಲಿ ತೀವ್ರ ಗಾಯಗಳ ಪಟ್ಟಿಯೊಂದಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮಿನಲ್ಲಿಯೂ ಬಹುಮಟ್ಟಿಗೆ ಅದೇ ಪಟ್ಟಿ ಇದೆ. ಕಣ್ಣಿನ ದೃಷ್ಟಿ ಹೋದರೆ, ಕಿವಿ ಕೇಳದಾದರೆ, ಅಂಗ ಅಥವಾ ಕೀಲು ನಷ್ಟವಾದರೆ, ಮುಖ ಶಾಶ್ವತವಾಗಿ ವಿಕಾರಗೊಂಡರೆ, ಮೂಳೆ ಮುರಿದರೆ, ಹಲ್ಲು ಮುರಿದರೆ, ಎಲ್ಲವೂ ಅದರಲ್ಲಿ ಉಂಟು. ಪಟ್ಟಿಯ ಮೊತ್ತಮೊದಲ ಸ್ಥಾನ ಗಂಡಸಿನ ಪುರುಷತ್ವಹರಣಕ್ಕೆ. ಹೆಂಗಸಿನ ಗರ್ಭಕೋಶದ ಹೆಸರು ಮಾತ್ರ ನೂರಾ ಅರವತ್ತು ವರ್ಷಗಳು ಕಳೆದರೂ ಆ ಪಟ್ಟಿಯನ್ನು ಸೇರಲಿಲ್ಲ. (‘ಅಂಗ’ ಎಂಬ ಮಾತಿನೊಳಗೆ ಅದೂ ಅಡಗಿದೆಯೆಂದು ವಕೀಲರು ವಾದಿಸಬಹುದು. ಹಲ್ಲಿಗಾಗಿ ಯಾರೂ ಹಾಗೆ ವಾದಿಸಬೇಕಾಗಿಲ್ಲ ಎಂಬುದೇ ನನ್ನ ಮಾತು.)

ನಾನು ಕಾನೂನು ಓದಿದವನಲ್ಲ. ಗಣಿತ, ವಿಜ್ಞಾನ ಬೋಧಿಸಿದವನು. ಆದರೂ ಆಸ್ಪತ್ರೆಗಳಲ್ಲಿ ನಡೆಯುವ ವಂಚನೆ, ಅದಕ್ಕೆ ನಾವು ವಿಧಿಸುತ್ತಿರುವ ಶಿಕ್ಷೆ, ಇವೆರಡರ ನಡುವೆ ಇರುವ ಅಂತರ ಹಲವು ವರ್ಷಗಳಿಂದ ನನ್ನ ಮನಸ್ಸನ್ನು ಕಾಡುತ್ತಿದೆ. ಈ ವಂಚನೆಯನ್ನು ನಾವು ಹಣದ ಅಪರಾಧವೆಂದೇ ಎಣಿಸಿದ್ದೇವೆ, ಅಳತೆಯೂ ರೂಪಾಯಿಯಲ್ಲಿಯೇ. ಮನುಷ್ಯದೇಹವನ್ನು ಕೊಯ್ದು ಮಾಡಿದ ಸುಳ್ಳು ಬಿಲ್ಲಿಗೂ, ಕಾಗದದ ಮೇಲಷ್ಟೇ ಬರೆದ ಸುಳ್ಳು ಬಿಲ್ಲಿಗೂ ಒಂದೇ ತಕ್ಕಡಿ. ಇದು ಅನ್ಯಾಯ.

ಮೊದಲು ಕಾಗದದ ಮೋಸವನ್ನು ನೋಡೋಣ. 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯ ಬಗ್ಗೆ ಮಹಾಲೇಖಪಾಲರು ಸಲ್ಲಿಸಿದ ವರದಿ 2023ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂತು. ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರಿನ ಮುಂದೆ ಒಂದೇ ಮೊಬೈಲ್ ಸಂಖ್ಯೆ, ಹತ್ತು ಒಂಬತ್ತುಗಳು! ಚಿಕಿತ್ಸೆಯ ವೇಳೆ ತೀರಿಕೊಂಡರೆಂದು ದಾಖಲಾಗಿದ್ದ 88,760 ರೋಗಿಗಳ ಹೆಸರಿನಲ್ಲಿ ಹೊಸ ಚಿಕಿತ್ಸೆಯ 2,14,923 ಬೇಡಿಕೆಗಳಿಗೆ ಹಣ ಸಂದಾಯವಾಗಿದೆಯೆಂದು ಗಣಕಯಂತ್ರ ತೋರಿಸುತ್ತಿತ್ತು. ಮೊಬೈಲ್ ಸಂಖ್ಯೆಯ ಆಧಾರದ ಮೇಲೆ ಯಾರಿಗೂ ಚಿಕಿತ್ಸೆ ನೀಡುವುದಿಲ್ಲ, ಅದು ಕೇವಲ ಭರ್ತಿಯ ಅಂಕಣ ಎಂದು ಸರ್ಕಾರ ಸಮಜಾಯಿಷಿ ನೀಡಿತು. ಇರಬಹುದು. ಇಂತಹ ಮೋಸ ಬೊಕ್ಕಸವನ್ನು ಬರಿದು ಮಾಡುತ್ತದೆ, ಆದರೆ ಸತ್ತವನಿಗೆ ಮತ್ತೆ ನೋವಾಗುವುದಿಲ್ಲ. ಕೊಟ್ಟ ಹಣವನ್ನು ಹಿಂದಕ್ಕೆ ಪಡೆಯಬಹುದು. ಲೆಕ್ಕಪರಿಶೋಧಕರ ಕಣ್ಣಿಗೂ ಇದು ಬೀಳುತ್ತದೆ, ಬಿದ್ದಿದೆ.

ಎರಡನೆಯ ಬಗೆಯ ಮೋಸ ಹಾಗಲ್ಲ. ಅಲ್ಲಿ ಶಸ್ತ್ರಚಿಕಿತ್ಸೆ ನಿಜವಾಗಿಯೂ ನಡೆದಿರುತ್ತದೆ. ರೋಗಿ ಬದುಕಿದ್ದಾಳೆ, ಹಾಸಿಗೆಯ ಮೇಲೆ ಮಲಗಿದ ಛಾಯಾಚಿತ್ರವಿದೆ, ಹೆಬ್ಬೆಟ್ಟಿನ ಗುರುತಿದೆ, ಹೊಟ್ಟೆಯ ಮೇಲೆ ಹೊಲಿಗೆ ಇದೆ. ಆ ಹೊಲಿಗೆಯೇ ಬಿಲ್ಲು ಸಾಚಾ ಎನ್ನುವುದಕ್ಕೆ ಸಾಕ್ಷಿ! ಸುಳ್ಳಿರುವುದು ಒಂದೇ ಕಡೆ: ಆ ಶಸ್ತ್ರಚಿಕಿತ್ಸೆ ಆಕೆಗೆ ಬೇಕಾಗಿರಲಿಲ್ಲ. ಯಾವ ಲೆಕ್ಕಪರಿಶೋಧಕನೂ ಹಿಡಿಯಲಾಗದ ಸುಳ್ಳು ಇದು. ಹೀಗಾಗಿ ಹೆಚ್ಚು ಘೋರವಾದ ಮೋಸವೇ ಹೆಚ್ಚು ಸುರಕ್ಷಿತವಾದ ಮೋಸವಾಗಿ ಕುಳಿತಿದೆ.

ಇದು ಊಹೆಯ ಮಾತಲ್ಲ. 2012ರಲ್ಲಿ ಬಿಹಾರದ ಸಮಷ್ಟಿಪುರದಲ್ಲಿ, ಅದೇ ಹೊತ್ತಿಗೆ ಛತ್ತೀಸಗಢದಲ್ಲಿ, ರಾಷ್ಟ್ರೀಯ ಸ್ವಾಸ್ಥ್ಯ ವಿಮಾ ಯೋಜನೆಯ ಕಾರ್ಡು ಹಿಡಿದು ಬಂದ ಬಡ ಹೆಂಗಸರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಸಂಗತಿ ಬಯಲಾಯಿತು. ವರ್ಷಕ್ಕೆ 30,000 ರೂಪಾಯಿಯ ಕಾರ್ಡು ಅದು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಬಗ್ಗೆ ಸರ್ಕಾರಿ ಸಮಿತಿಯೇ ಸಮೀಕ್ಷೆ ನಡೆಸಿತು. ಸುಮಾರು 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ಕಳೆದುಕೊಂಡಿದ್ದರು. ಎಲ್ಲವೂ ಅನಗತ್ಯವೆಂದು ನಾನು ಹೇಳುತ್ತಿಲ್ಲ. ಆದರೆ ಮಾಗಿದ ವಯಸ್ಸಿನಲ್ಲಿ, ಕಟ್ಟಕಡೆಯ ಉಪಾಯವಾಗಿ ಮಾಡಬೇಕಾದ ಶಸ್ತ್ರಚಿಕಿತ್ಸೆ ಮೂವತ್ತರ ಆಸುಪಾಸಿನ ಕೂಲಿ ಹೆಂಗಸರಿಗೇ ಇಷ್ಟು ಗುಂಪುಗುಂಪಾಗಿ ಏಕೆ ಬೇಕಾಯಿತು?

ನಮ್ಮ ನಾಡಿಗೆ ಬರೋಣ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ನಡೆದ ತನಿಖೆಯಿಂದ ಎರಡು ಸಾವಿರಕ್ಕೂ ಮಿಕ್ಕ ಹೆಂಗಸರ ಕಥೆ ಹೊರಬಂತು. ಬಹುಪಾಲು ಲಂಬಾಣಿ ತಾಂಡಾದವರು, ದಲಿತ ಕೇರಿಯವರು, ಅನೇಕರು ನಲವತ್ತು ಮುಟ್ಟದವರು. ಬಿಳಿ ಹೋಗುತ್ತದೆ, ಬೆನ್ನು ನೋಯುತ್ತದೆ, ಕಿಬ್ಬೊಟ್ಟೆ ನೋಯುತ್ತದೆ ಎಂದು ಹೋದವರಿಗೆ ಸ್ಕ್ಯಾನಿಂಗ್ ಮಾಡಿಸಿ, ‘ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಲಾಗಿತ್ತು. ಮಾತ್ರೆಯಿಂದ ವಾಸಿಯಾಗಬಹುದಾದ ಸೋಂಕಿಗೆ ಕತ್ತಿಯ ಚಿಕಿತ್ಸೆ. ಕೆಲವು ಆಸ್ಪತ್ರೆಗಳ ಪರವಾನಗಿ ರದ್ದುಪಡಿಸುವ ಆದೇಶವಾಯಿತು. ಆದರೂ 2017ರಲ್ಲಿ ಆ ಹೆಂಗಸರೇ ಕಲಬುರಗಿಯ ಬೀದಿಗಿಳಿದು ನ್ಯಾಯ ಕೇಳಬೇಕಾಯಿತು. ಪರವಾನಗಿ! ಪರವಾನಗಿ ಎಂಬುದು ಹೋಟೆಲಿಗೂ ಇದೆ, ಸಿನಿಮಾ ಮಂದಿರಕ್ಕೂ ಇದೆ.

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ನಾನು ಚಿಂಚೋಳಿ ತಾಲ್ಲೂಕಿನಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. 2009ರಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಮಗಳ ವರ್ಗಾವಣೆ ಪತ್ರ ಕೇಳಿಕೊಂಡು ಶಾಲೆಗೆ ಬಂದಳು. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗಿ. ಏಕೆ ಬಿಡಿಸುತ್ತೀರಿ ಎಂದು ಕೇಳಿದೆ. “ನಂಗ ಹೊಲದಾಗ ಬಗ್ಗಾಕ ಆಗಂಗಿಲ್ಲರಿ ಸರ. ಚೀಲಾ ತಗಸೀನ್ರಿ. ಬಿಟ್ರ ಕ್ಯಾನ್ಸರ್ ಆಗ್ತದ ಅಂದ್ರರಿ ಡಾಕ್ಟರ್” ಎಂದಳು. ತೊಗರಿ ಹೊಲದ ಕಳೆ ಕೀಳಲು ತಾಯಿಯ ಬದಲು ಇನ್ನು ಮಗಳು ಹೋಗಬೇಕು. ಆ ತಾಯಿಗೆ ಹೆಚ್ಚೆಂದರೆ ಮೂವತ್ತೆರಡು ವರ್ಷ. ಬೆಳ್ಳಿಯ ಕಡಗಗಳನ್ನು ಅಡವಿಟ್ಟು ಆಸ್ಪತ್ರೆಗೆ ಹಣ ಕಟ್ಟಿದ್ದರಂತೆ. ಕಾಗದ ಪತ್ರ ಏನಾದರೂ ಕೊಟ್ಟಿದ್ದಾರೆಯೇ ಎಂದೆ. ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸಿದ್ದು ಔಷಧದಂಗಡಿಯ ಒಂದು ಚೀಟಿ, ಅಷ್ಟೇ. ಆಕೆಗೆ ಆ ಶಸ್ತ್ರಚಿಕಿತ್ಸೆ ಅಗತ್ಯವಿತ್ತೋ ಇಲ್ಲವೋ ಎಂದು ಹೇಳಬಲ್ಲ ದಾಖಲೆ ಜಗತ್ತಿನಲ್ಲಿ ಒಂದೂ ಆಕೆಯ ಕೈಯಲ್ಲಿರಲಿಲ್ಲ. ಆರು ವರ್ಷಗಳ ಬಳಿಕ ತನಿಖೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ನೆನಪಾದದ್ದು ಆ ಔಷಧದ ಚೀಟಿ. ವಿಮೆ ಇದ್ದಿದ್ದರೆ ಕನಿಷ್ಠ ಯಾವನೋ ಒಬ್ಬ ಗುಮಾಸ್ತನಾದರೂ ಕಡತ ತೆರೆಯುತ್ತಿದ್ದ. ಕೈಯಿಂದ ಹಣ ಕೊಟ್ಟವಳ ಮೇಲೆ ನಡೆದ ವಂಚನೆಗೆ ಕಡತವೇ ಇಲ್ಲ.

ಈಗ ಶಿಕ್ಷೆಯ ಲೆಕ್ಕ. ವಿಮಾ ಯೋಜನೆಗಳಡಿ ಮೋಸ ಸಿಕ್ಕಿಬಿದ್ದಾಗ ನಡೆಯುವ ಕ್ರಮದ ಸಾಮಾನ್ಯ ಸ್ವರೂಪ ಇದು: ಕಾರಣ ಕೇಳುವ ನೋಟೀಸು, ಅಮಾನತು, ಹಣ ವಸೂಲಿ, ದಂಡ, ಪಟ್ಟಿಯಿಂದ ಕೈಬಿಡುವುದು. ಎಫ್‌ಐಆರ್ ದಾಖಲಿಸಲು ಅವಕಾಶವಿದೆ, ಕೆಲವೊಮ್ಮೆ ದಾಖಲಾಗಿಯೂ ಇದೆ. ಆದರೆ ಸರ್ಕಾರ ಎದೆತಟ್ಟಿ ಹೇಳಿಕೊಳ್ಳುವುದು ದಂಡದ ಮೊತ್ತವನ್ನು. 2025ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದಂತೆ ಆಯುಷ್ಮಾನ್ ಯೋಜನೆಯಿಂದ 1,114 ಆಸ್ಪತ್ರೆಗಳನ್ನು ಕೈಬಿಡಲಾಗಿದೆ, 549 ಆಸ್ಪತ್ರೆಗಳನ್ನು ಅಮಾನತಿನಲ್ಲಿಡಲಾಗಿದೆ, 1,504 ಆಸ್ಪತ್ರೆಗಳಿಗೆ 122 ಕೋಟಿ ರೂಪಾಯಿ ದಂಡ ವಿಧಿಸಲಾಗಿದೆ. ಗಣಿತದ ಮೇಷ್ಟ್ರ ಚಟ ಬಿಡಲಿಲ್ಲ, ಭಾಗಿಸಿ ನೋಡಿದೆ. ಆಸ್ಪತ್ರೆಯೊಂದಕ್ಕೆ ಸರಾಸರಿ ಸುಮಾರು 8 ಲಕ್ಷ ರೂಪಾಯಿ. ಒಂದು ಕುಟುಂಬಕ್ಕೆ ವರ್ಷಕ್ಕೆ ದೊರೆಯುವ ವಿಮೆಯ ಮಿತಿಯೇ 5 ಲಕ್ಷ. ಹಾಗಾದರೆ ಈ ದಂಡ ಶಿಕ್ಷೆಯೋ, ವ್ಯಾಪಾರದ ಖರ್ಚಿನ ಬಾಬತ್ತೋ?

ಕಾನೂನು ಎಚ್ಚೆತ್ತುಕೊಳ್ಳುವುದು ಹೆಣ ಬಿದ್ದಾಗ. 2024ರ ನವೆಂಬರಿನಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯ ಬೋರಿಸಣಾ ಎಂಬ ಹಳ್ಳಿಯಲ್ಲಿ ಅಹಮದಾಬಾದಿನ ಖಾಸಗಿ ಆಸ್ಪತ್ರೆಯೊಂದು ಉಚಿತ ತಪಾಸಣಾ ಶಿಬಿರ ನಡೆಸಿತು. 19 ಮಂದಿಯನ್ನು ವಾಹನದಲ್ಲಿ ಕರೆದೊಯ್ದು ಆಂಜಿಯೋಗ್ರಾಫಿ ಮಾಡಿದರು, ಅವರಲ್ಲಿ 7 ಮಂದಿಗೆ ಆಂಜಿಯೋಪ್ಲಾಸ್ಟಿ ಮಾಡಿದರು. ಖರ್ಚು ಆಯುಷ್ಮಾನ್ ಕಾರ್ಡಿನ ಲೆಕ್ಕಕ್ಕೆ. ಇಬ್ಬರು ಸತ್ತರು. ಊರವರು ಗಲಾಟೆ ಮಾಡಿದರು, ಕೊಲೆಯಲ್ಲದ ನರಹತ್ಯೆಯ ಕಲಮುಗಳಡಿ ಪ್ರಕರಣ ದಾಖಲಾಯಿತು, ಬಂಧನಗಳಾದವು. ತಪ್ಪು ಯಾರದೆಂದು ನ್ಯಾಯಾಲಯ ತೀರ್ಮಾನಿಸಲಿ. ನನ್ನ ಪ್ರಶ್ನೆ ಬೇರೆ: ಆ ಇಬ್ಬರು ಸಾಯದೆ ಮನೆಗೆ ಮರಳಿದ್ದರೆ? ಏಳು ಜನರೂ ತಮ್ಮ ಹೃದಯ ಉಳಿಸಿದ ಪುಣ್ಯಾತ್ಮರನ್ನು ನೆನೆಯುತ್ತ, ಜೀವನವಿಡೀ ಮಾತ್ರೆ ನುಂಗುತ್ತ ಇರುತ್ತಿದ್ದರು. ಯಾರೂ ಯಾರನ್ನೂ ಬಂಧಿಸುತ್ತಿರಲಿಲ್ಲ. ಗರ್ಭಕೋಶ ಕಳೆದುಕೊಂಡ ಹೆಂಗಸು ಸಾಯುವುದಿಲ್ಲ, ಅದೇ ಆಕೆಯ ದೌರ್ಭಾಗ್ಯ. ಅಂಡಾಶಯವನ್ನೂ ಸೇರಿಸಿ ತೆಗೆದಿದ್ದರೆ ಮೂವತ್ತೆರಡಕ್ಕೇ ಮುಟ್ಟು ನಿಂತ ದೇಹ, ಸವೆಯುವ ಮೂಳೆ, ಹೃದ್ರೋಗದ ಸಾಧ್ಯತೆ, ಇವೆಲ್ಲ ಸದ್ದಿಲ್ಲದೆ ಬರುತ್ತವೆ. ಸದ್ದಿಲ್ಲದ ಕಡೆಗೆ ಪೊಲೀಸರು ಹೋಗುವುದಿಲ್ಲ.

ಇರುವ ಕಾನೂನೇ ಸಾಲದೇ ಎಂದು ನೀವು ಕೇಳಬಹುದು. ಮೋಸಕ್ಕೆ ನ್ಯಾಯ ಸಂಹಿತೆಯ 318ನೆಯ ಕಲಮಿದೆ, ಏಳು ವರ್ಷದವರೆಗೆ ಸೆರೆವಾಸ. ನಮ್ಮ ಹಳೆಯ ‘ನಾನೂರಿಪ್ಪತ್ತು’. ತೀವ್ರ ಗಾಯಕ್ಕೂ ಏಳು ವರ್ಷದವರೆಗೆ ಇದೆ. ತಪ್ಪು ತಿಳಿವಳಿಕೆ ಮೂಡಿಸಿ ಪಡೆದ ಸಮ್ಮತಿ ಸಮ್ಮತಿಯೇ ಅಲ್ಲವೆಂದು 28ನೆಯ ಕಲಂ ಹೇಳುತ್ತದೆ. ಕ್ಯಾನ್ಸರ್ ಎಂದು ಸುಳ್ಳು ಹೇಳಿ ಒತ್ತಿಸಿಕೊಂಡ ಹೆಬ್ಬೆಟ್ಟು ಇದರ ಮುಂದೆ ಒಂದು ಕ್ಷಣ ನಿಲ್ಲಬಾರದು. ಸಲಕರಣೆಗಳೆಲ್ಲ ಪೆಟ್ಟಿಗೆಯಲ್ಲಿವೆ, ನಿಜ. ಆದರೆ ಒಂದೊಂದು ಒಂದೊಂದು ಮೂಲೆಯಲ್ಲಿದೆ. ವಂಚನೆಯ ಕಲಂ ಹಣವನ್ನು ನೋಡುತ್ತದೆ, ದೇಹವನ್ನು ನೋಡುವುದಿಲ್ಲ. ಗಾಯದ ಕಲಂ ದೇಹವನ್ನು ನೋಡುತ್ತದೆ, ಆದರೆ ಕತ್ತಿ ಹಿಡಿದವನು ವೈದ್ಯನೆಂದೊಡನೆ ಕೈಕಟ್ಟಿ ನಿಲ್ಲುತ್ತದೆ. ಇವೆರಡನ್ನೂ ಸೇರಿಸಿ ಒಂದು ಪ್ರಕರಣವಾಗಿ ಹೆಣೆಯಲು ಠಾಣೆಯ ಸಬ್‌ಇನ್ಸ್‌ಪೆಕ್ಟರನಿಗೆ ಧೈರ್ಯವೂ ಇಲ್ಲ, ಪರಿಣತಿಯೂ ಇಲ್ಲ.

ಈ ವಂಚನೆಗೆಂದೇ ಪ್ರತ್ಯೇಕ ಅಪರಾಧವನ್ನು ಹೆಸರಿಸಿದ ದೇಶ ಅಮೆರಿಕ. ಅಲ್ಲಿ ಆಸ್ಪತ್ರೆಗಳ ಬಿಲ್ಲಿನ ಗಣಕ ಕೆಲಸ ಮಾಡುವ ನನ್ನ ಶಿಷ್ಯನೊಬ್ಬ ರಜೆಗೆ ಬಂದಾಗ ವಿವರಿಸಿದ ಮೇಲೆ ನಾನೂ ಓದಿ ನೋಡಿದೆ. 1996ರಲ್ಲಿ ಮಾಡಿದ ಆ ಕಾನೂನಿಗೆ ಮೂರು ಮೆಟ್ಟಿಲುಗಳಿವೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆರೋಗ್ಯ ವಿಮೆಯನ್ನು ವಂಚಿಸಿದರೆ ಹತ್ತು ವರ್ಷದವರೆಗೆ ಸೆರೆಮನೆ. ಆ ವಂಚನೆಯಿಂದ ರೋಗಿಯ ದೇಹಕ್ಕೆ ಗಂಭೀರ ಹಾನಿಯಾದರೆ ಇಪ್ಪತ್ತು ವರ್ಷದವರೆಗೆ. ರೋಗಿ ಸತ್ತರೆ ಜೀವಾವಧಿಯವರೆಗೆ. ಇಲ್ಲಿ ಮೆಟ್ಟಿಲೇರುವುದು ಡಾಲರಿನ ಮೊತ್ತದಿಂದಲ್ಲ, ದೇಹಕ್ಕಾದ ಹಾನಿಯಿಂದ ಎಂಬುದನ್ನು ಗಮನಿಸಿ.

ಮಿಷಿಗನ್ ರಾಜ್ಯದ ಫರೀದ್ ಫಾತಾ ಎಂಬ ಕ್ಯಾನ್ಸರ್ ವೈದ್ಯ ಕ್ಯಾನ್ಸರೇ ಇಲ್ಲದವರಿಗೂ ಕೀಮೋಥೆರಪಿ ಕೊಟ್ಟು ಬಿಲ್ಲು ಮಾಡುತ್ತಿದ್ದ. ನೊಂದ ರೋಗಿಗಳ ಸಂಖ್ಯೆ 553. 2013ರಲ್ಲಿ ಬಂಧಿತನಾಗಿ, 2014ರಲ್ಲಿ ತಪ್ಪೊಪ್ಪಿಕೊಂಡ. ಸರ್ಕಾರಿ ವಕೀಲರು 175 ವರ್ಷ ಕೇಳಿದ್ದರು. 2015ರ ಜುಲೈನಲ್ಲಿ ನ್ಯಾಯಾಲಯ ಹಲವು ಆರೋಪಗಳ ಶಿಕ್ಷೆಯನ್ನು ಒಟ್ಟುಗೂಡಿಸಿ 45 ವರ್ಷ ವಿಧಿಸಿತು. ಸುಳಿವು ಕೊಟ್ಟವನು ಅವನ ಕಚೇರಿಯ ವ್ಯವಸ್ಥಾಪಕನೇ. ನಮ್ಮ ನರ್ಸಮ್ಮ ಬಾಯಿಬಿಟ್ಟರೆ ಮರುದಿನ ಕೆಲಸವಿರುತ್ತದೆಯೇ, ಯೋಚಿಸಿ. ಫಾತಾನಿಗೆ ಶಿಕ್ಷೆಯಾದ ಅದೇ 2015ರಲ್ಲಿ ಕಲಬುರಗಿಯಲ್ಲಿ ನಾವು ಪರವಾನಗಿಯ ಮಾತನಾಡುತ್ತಿದ್ದೆವು!

ಅಮೆರಿಕವೇನೂ ಧರ್ಮರಾಯನ ಆಸ್ಥಾನವಲ್ಲ. ವೃದ್ಧಾಶ್ರಮಗಳ ಮೂಲಕ ಸರ್ಕಾರಿ ವಿಮೆಯನ್ನು ದೋಚಿದ ಫಿಲಿಪ್ ಎಸ್‌ಫೋರ್ಮ್ಸ್ ಎಂಬಾತನಿಗೆ 2019ರಲ್ಲಿ 20 ವರ್ಷ ವಿಧಿಸಿದರು, 2020ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ಮೊಟಕುಗೊಳಿಸಿ ಬಿಡುಗಡೆ ಮಾಡಿದರು. ನಮ್ಮ ರಾನ್‌ಬ್ಯಾಕ್ಸಿ ಕಂಪನಿಯ ಅಮೆರಿಕದ ಶಾಖೆ 2013ರಲ್ಲಿ ಔಷಧ ತಯಾರಿಕೆಯ ಅಕ್ರಮಗಳನ್ನು ಒಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಿತು, ಯಾವ ವ್ಯಕ್ತಿಯೂ ಸೆರೆಮನೆ ಕಾಣಲಿಲ್ಲ. ದೊಡ್ಡವರು ಹಣ ಕಟ್ಟಿ ಹೋಗುವುದು ಅಲ್ಲಿಯೂ ಉಂಟು. ಆದರೂ ಮೆಟ್ಟಿಲುಗಳಿರುವ ಕಾನೂನನ್ನು ಕೆಲವೊಮ್ಮೆಯಾದರೂ ಹತ್ತಬಹುದು. ಇಲ್ಲದ ಮೆಟ್ಟಿಲನ್ನು ಹತ್ತುವುದು ಹೇಗೆ?

ವೈದ್ಯನಾಗಿರುವ ಇನ್ನೊಬ್ಬ ಶಿಷ್ಯ ಇದನ್ನೆಲ್ಲ ಕೇಳಿ, “ಸರ್, ಹೀಗಾದರೆ ನಾವು ಕತ್ತಿ ಹಿಡಿಯುವುದಕ್ಕೇ ಹೆದರಬೇಕಾಗುತ್ತದೆ” ಎಂದ. ಅವನು ಪ್ರಾಮಾಣಿಕ, ಅವನ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಪ್ರಾಮಾಣಿಕ ವೈದ್ಯನಿಗೆ ರಕ್ಷಣೆ ಈಗಾಗಲೇ ಇದೆ. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತು, ಬರಿಯ ನಿರ್ಲಕ್ಷ್ಯ ಸಾಲದು, ಅತಿಘೋರ ನಿರ್ಲಕ್ಷ್ಯವಿದ್ದರೆ ಮಾತ್ರ ಕ್ರಿಮಿನಲ್ ಮೊಕದ್ದಮೆ ಎಂದಿತು. ಅದಕ್ಕೂ ಮೊದಲು ಬೇರೆ ತಜ್ಞ ವೈದ್ಯರ ಅಭಿಪ್ರಾಯ ಪಡೆಯಬೇಕೆಂದಿತು. ನಿರ್ಲಕ್ಷ್ಯದಿಂದ ಸಾವಾದರೆ ಇತರರಿಗೆ ಐದು ವರ್ಷದವರೆಗೆ ಶಿಕ್ಷೆ, ವೈದ್ಯರಿಗೆ ಎರಡು ವರ್ಷದವರೆಗೆ ಎಂದು ನ್ಯಾಯ ಸಂಹಿತೆಯ 106ನೆಯ ಕಲಂ ರಿಯಾಯಿತಿ ನೀಡಿದೆ. ವೈದ್ಯರ ಮೇಲೆ ಕೈಮಾಡುವವರನ್ನು ಸೆರೆಮನೆಗಟ್ಟಲು ಕರ್ನಾಟಕ 2009ರಲ್ಲಿಯೇ ಪ್ರತ್ಯೇಕ ಕಾಯಿದೆ ಮಾಡಿತು. ಇವೆಲ್ಲ ಯೋಗ್ಯವಾದ ಕಾನೂನುಗಳೇ. ಕೈತಪ್ಪಿದ ವೈದ್ಯನಿಗೆ ಇವು ಬೇಕು. ಆದರೆ ವಂಚಕನ ಕೈ ತಪ್ಪಿರುವುದಿಲ್ಲ. ತೆಗೆಯಬೇಕೆಂದುಕೊಂಡ ಅಂಗವನ್ನೇ, ತೆಗೆಯಬೇಕೆಂದುಕೊಂಡ ರೀತಿಯಲ್ಲಿಯೇ ಅವನು ತೆಗೆದಿರುತ್ತಾನೆ. ಅವನನ್ನು ನಿರ್ಲಕ್ಷ್ಯದ ಕೊಡೆಯಡಿ ನಿಲ್ಲಿಸುವುದು ಪ್ರಾಮಾಣಿಕ ವೈದ್ಯರಿಗೇ ಮಾಡುವ ಅಪಮಾನ.

ಸರ್ಕಾರದ ದರಗಳು ಕಡಿಮೆ, ಬಾಕಿ ಹಣ ತಿಂಗಳುಗಟ್ಟಲೆ ಬರುವುದಿಲ್ಲ ಎಂಬ ದೂರೂ ಇದೆ. ಸತ್ಯವಾದ ದೂರು. ಅದು ದರ ಏರಿಸುವುದಕ್ಕೆ ಕಾರಣವಾಗಬೇಕು, ಗರ್ಭಕೋಶ ತೆಗೆಯುವುದಕ್ಕಲ್ಲ.

ಶಿಕ್ಷೆಯ ಮಾತೆತ್ತಿದರೆ ಏನಾಗುತ್ತದೆಂದು ನಾವೆಲ್ಲ ಕಂಡಿದ್ದೇವೆ. 2017ರ ನವೆಂಬರಿನಲ್ಲಿ, ರಮೇಶ್ ಕುಮಾರ್ ಅವರು ಆರೋಗ್ಯ ಸಚಿವರಾಗಿದ್ದಾಗ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ ತಂದ ತಿದ್ದುಪಡಿಯಲ್ಲಿ ಸೆರೆವಾಸದ ಅಂಶವಿದೆಯೆಂದು ರಾಜ್ಯದಾದ್ಯಂತ ಖಾಸಗಿ ಆಸ್ಪತ್ರೆಗಳು ಹೊರರೋಗಿ ವಿಭಾಗಗಳನ್ನು ಮುಚ್ಚಿದವು. ಮಸೂದೆ ಸಡಿಲಗೊಂಡ ರೂಪದಲ್ಲಿ ಅಂಗೀಕಾರವಾಯಿತು. ಕಾಲದ ಗಾಳಿಯೂ ಅತ್ತಲೇ ಬೀಸುತ್ತಿದೆ. 2023ರ ಜನ ವಿಶ್ವಾಸ ಕಾಯಿದೆ ಗುಣಮಟ್ಟವಿಲ್ಲದ ಔಷಧಗಳ ಕೆಲವು ಅಪರಾಧಗಳನ್ನು ಹಣ ಕಟ್ಟಿ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಸಾಲಿಗೆ ಸೇರಿಸಿತು. ಯಾರ ವಿಶ್ವಾಸವೋ!

ನ್ಯಾಯಾಲಯ ಸುಮ್ಮನೆ ಕುಳಿತಿಲ್ಲ. ರಾಜಸ್ಥಾನದ ಡಾ. ನರೇಂದ್ರ ಗುಪ್ತ ಅವರು, ಅವರೂ ವೈದ್ಯರೇ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ವಿರುದ್ಧ 2013ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2023ರ ಏಪ್ರಿಲಿನಲ್ಲಿ ತೀರ್ಪು ಬಂತು. ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕು, ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟದಲ್ಲಿ ನಿಗಾ ಸಮಿತಿಗಳಿರಬೇಕು ಎಂದಿತು. ಹತ್ತು ವರ್ಷ ಕಾದು ಪಡೆದದ್ದು ಮಾರ್ಗಸೂಚಿ. ಸಮಿತಿಗಳು ಬೇಡವೆನ್ನುವುದಿಲ್ಲ. ಆದರೆ ಸಮಿತಿಗೆ ಯಾರೂ ಹೆದರುವುದಿಲ್ಲವೆಂಬುದು ನಿವೃತ್ತ ಸರ್ಕಾರಿ ನೌಕರನಾದ ನನಗೆ ಚೆನ್ನಾಗಿ ಗೊತ್ತು.

ಆದುದರಿಂದ ನಾನು ಕೇಳುವುದು ಇಷ್ಟು. ಆರೋಗ್ಯಸೇವೆಯ ವಂಚನೆಯನ್ನು ನ್ಯಾಯ ಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವೆಂದು ಹೆಸರಿಸಬೇಕು. ಬರಿಯ ಸುಳ್ಳು ಬಿಲ್ಲಿಗೆ ಇಂದಿನ ವಂಚನೆಯ ಶಿಕ್ಷೆಯೇ ಇರಲಿ. ಆ ವಂಚನೆಗಾಗಿ ದೇಹವನ್ನು ಕೊಯ್ದಿದ್ದರೆ, ರೋಗಿ ಬದುಕಿದ್ದರೂ, ಶಿಕ್ಷೆ ಅದರ ಮೇಲಿನ ಮೆಟ್ಟಿಲಿಗೆ ಏರಬೇಕು; ಜೀವ ಹೋಗಿದ್ದರೆ ಜೀವಾವಧಿಯವರೆಗೆ. ವಿಮೆಯ ಕಾರ್ಡಿನಿಂದ ಕೊಟ್ಟ ಹಣಕ್ಕೂ ಕಡಗ ಅಡವಿಟ್ಟು ಕೊಟ್ಟ ಹಣಕ್ಕೂ ಭೇದವಿರಬಾರದು. ತೆಗೆದ ಪ್ರತಿಯೊಂದು ಅಂಗವನ್ನೂ ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸಿ, ವರದಿಯ ಒಂದು ಪ್ರತಿಯನ್ನು ರೋಗಿಗೆ ಅವಳ ಭಾಷೆಯ ವಿವರಣೆಯೊಡನೆ ಕೊಡಬೇಕು. ವರದಿ ಇಲ್ಲದಿದ್ದರೆ ಅಗತ್ಯವನ್ನು ಸಾಬೀತುಪಡಿಸುವ ಹೊಣೆ ಆಸ್ಪತ್ರೆಯದು. ಒಳಗಿನಿಂದ ಸುಳಿವು ಕೊಟ್ಟ ನೌಕರರನ್ನು ಕೆಲಸದಿಂದ ತೆಗೆದರೆ ಅದೂ ಅಪರಾಧವಾಗಬೇಕು. ಜೊತೆಗೆ 116ನೆಯ ಕಲಮಿನ ಪಟ್ಟಿಯಲ್ಲಿ, ಹಲ್ಲಿಗಿಂತ ಮೇಲೆ ಎಲ್ಲಿಯಾದರೂ ಸರಿ, ಗರ್ಭಕೋಶ ಎಂಬ ಪದವನ್ನು ಸೇರಿಸಬೇಕು.

ವಕೀಲಿ ವೃತ್ತಿಯಲ್ಲಿರುವ ನನ್ನ ಶಿಷ್ಯರು ನಾಲ್ಕೈದು ಮಂದಿಯಾದರೂ ಇದನ್ನು ಓದುತ್ತೀರಿ. ಈ ಬೇಡಿಕೆಗಳನ್ನು ಕಾನೂನಿನ ಭಾಷೆಗೆ ತಿದ್ದಿ ಕಳುಹಿಸಿಕೊಡಿ. ಕಲಬುರಗಿ ಭಾಗದ ಶಾಸಕರಿಗೂ ಸಂಸದರಿಗೂ ಅದನ್ನು ಅಂಚೆಯಲ್ಲಿ ಕಳುಹಿಸುವ ಕೆಲಸವನ್ನು ನಾನು ಮಾಡುತ್ತೇನೆ.